ಬಂದೇಅಲಿಯವರ ಗಾಜಿನ ಪುಡಿ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಗಳಲ್ಲಿ ಕೈಕಾಲು ಮುರಿದುಕೊಂಡವರು ಮೂವತ್ತು ವರ್ಷ ಬಂದೇಅಲಿಯವರ ಅಂಗಳಕ್ಕೇ ಬಂದರು. ಎಲುಬು ಕೂಡಿಸಿ, ಕೋಳಿಮೊಟ್ಟೆಯ ಬಿಳಿ ಸವರಿ, ಬಿದಿರ ದಬ್ಬೆಯಿಟ್ಟು ಕಟ್ಟಿದರೆಂದರೆ ಮುಗಿಯಿತು; ಒಂಬತ್ತನೇ ದಿನದವರೆಗೆ ಆ ಕಟ್ಟನ್ನು ಯಾರೂ ಮುಟ್ಟುವಂತಿಲ್ಲ. ಅದು ಅವರ ಅಪ್ಪ ಹಾಕಿಕೊಟ್ಟ ನೇಮ. ಮನುಷ್ಯ ಕೆಟ್ಟವರಲ್ಲ, ಆದರೆ ಕೈಗುಣದ ಹೆಮ್ಮೆ ತಲೆಗೇರಿತ್ತು ಎನ್ನದೆ ವಿಧಿಯಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೇಳರ ಬೇಸಿಗೆಯಲ್ಲಿ ಆ ಅಂಗಳದ ಬಾಗಿಲು ಮುಚ್ಚಿತು.

ಆ ಬೇಸಿಗೆ ಖಣಿಯ ಆಳು ಖಂಡೆಪ್ಪನ ಕಾಲಮೇಲೆ ಹಾಸುಗಲ್ಲು ಬಿದ್ದು, ಎಲುಬಿನ ಒಂದು ತುಂಡೇ ನುಚ್ಚಾಗಿ ಹೋಯಿತು. ಮೊಣಕಾಲ ಕೆಳಗೆ ಕತ್ತರಿಸಬೇಕೆಂದರು ಗುಲಬರ್ಗಾದ ಡಾಕ್ಟರು. ಹೆಂಡತಿ ಅನಸುಬಾಯಿ ಒಪ್ಪದೆ, ಅವನನ್ನು ರೈಲಿನಲ್ಲಿ ಮಲಗಿಸಿಕೊಂಡು ಬಂದೇಅಲಿಯವರಲ್ಲಿಗೆ ತಂದಳು.

"ಚಾಚಾ, ಪರದೇಶದಾಗ ಗಾಜಿನಂಥಾದ್ದೊಂದು ಇಟ್ರ ಎಲುವು ಅದಕ್ಕ ಹತ್ತಿ ಬೆಳಿತದಂತ್ರಿ. ನಮ್ಮಲ್ಲಿ ಸಿಗಂಗಿಲ್ಲಂತ ಡಾಕ್ಟರ್ ಅಂದ್ರು."

"ಗಾಜು ಯಾಕ ಸಿಗಂಗಿಲ್ಲವ್ವಾ? ನಮ್ಮನ್ಯಾಗೇ ಅದ," ಎಂದು ಬಂದೇಅಲಿ ನಕ್ಕರು.

ಎಲ್ಲ ಗಾಜೂ ಒಂದೇ ಎಂದುಕೊಂಡರು ಪುಣ್ಯಾತ್ಮ! ಹೆಂಡತಿ ಇಮಾಮ್ಬೀ ಬೇಡವೆಂದರೂ ಕೇಳದೆ, ಔಷಧದ ಸೀಸೆಯೊಂದನ್ನು ಮೂರು ಸಲ ಕುದಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಆ ಪುಡಿಯನ್ನು ಗಾಯದ ಗುಂಡಿಗೆ ತುಂಬಿ ಕಟ್ಟಿದರು.

ಮೂರನೇ ದಿನ ಚಳಿಜ್ವರ. ನಾಲ್ಕನೇ ದಿನ ಕಾಲ್ಬೆರಳು ಕಪ್ಪಾದವು.

"ಬಿಚ್ಚಿ ನೋಡ್ರಿ ಚಾಚಾ, ವಾಸನಿ ಬರ್ಲಿಕತ್ತದ," ಎಂದು ನೊಣ ಓಡಿಸುತ್ತಿದ್ದ ಅನಸುಬಾಯಿ ಅತ್ತಳು.

"ಇನ್ನಾ ಐದು ದಿನ ಅದ. ತಡಿಯವ್ವಾ."

ಹಾಗೆಂದವರಿಗೂ ಅನುಮಾನ ಬಂದಿತ್ತು. ಆದರೆ ಅಪ್ಪನ ನೇಮ ಮುರಿಯಲು ಧೈರ್ಯ ಬರಲಿಲ್ಲ.

ಆರನೇ ದಿನ ಖಂಡೆಪ್ಪ ಜ್ವರದ ಅಮಲಿನಲ್ಲಿ ತೊದಲತೊಡಗಿದಾಗ ಬಂದೇಅಲಿಯೇ ಕಟ್ಟು ಬಿಚ್ಚಿದರು. ನೋಡಿದ್ದೇ ತಡ, ರಸ್ತೆಗೆ ಓಡಿ, ಸಿಮೆಂಟಿನ ಲಾರಿಯೊಂದನ್ನು ಅಡ್ಡಗಟ್ಟಿ, ಅವನನ್ನು ಗುಲಬರ್ಗಾಕ್ಕೆ ಒಯ್ದರು. ಮೊಣಕಾಲ ಕೆಳಗೆ ಹೋಗಬೇಕಿದ್ದ ಕಾಲು ತೊಡೆಯವರೆಗೆ ಹೋಯಿತು.

"ಒಳಗ ಏನ್ ತುಂಬಿದ್ರಿ?" ಎಂದು ಡಾಕ್ಟರು ಕೇಳಿದರು. ಬಂದೇಅಲಿ ಇದ್ದದ್ದು ಇದ್ದಂತೆ ಹೇಳಿದರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಬಂದೇಅಲಿಯವರಿಗೆ ಅನ್ನಿಸಿತು.

ಮರುದಿನ ಖಂಡೆಪ್ಪ ಕಣ್ಣು ಬಿಟ್ಟ. ಸೊಂಟದಿಂದ ಕೆಳಗೆ ಚಾದರ ಹೊದಿಸಿತ್ತು. ಕಾಲು ಹೋದದ್ದು ಅವನಿಗಿನ್ನೂ ತಿಳಿದಿರಲಿಲ್ಲ. ಬಂದೇಅಲಿಯವರ ಕೈ ಹಿಡಿದುಕೊಂಡ.

"ಗಾಜು ಎಲುವಿಗೆ ಹತ್ತಿತೇನ್ರಿ ಚಾಚಾ? ಕಾಲ್ಬೆರಳು ಜುಮುಜುಮು ಅನ್ಲಿಕತ್ತಾವ."

ಅನಸುಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬಂದೇಅಲಿ ಬಿಡುವಾಗಿದ್ದ ಕೈಯಿಂದ, ಕಾಲಿಲ್ಲದ ಕಡೆ ತಗ್ಗಾಗಿದ್ದ ಚಾದರವನ್ನು ಉಬ್ಬಿಸಿ ಸರಿಪಡಿಸಿದರು.