ಚಿಂತಾಮಣಿಯ ಒಂಬತ್ತನೇ ಕಂಪ್ಯೂಟರ್

ಸೋಮವಾರ ಬೆಳಿಗ್ಗೆ ಏಳೂವರೆಗೆ ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಸೇವಂತಿಗೆ ಮೂಟೆ, ಕೈಯಲ್ಲಿ ಆಧಾರ್ ತೋರಿಸಿ ಪಡೆದ ಸೊನ್ನೆ ರೂಪಾಯಿಯ ಟಿಕೆಟ್, ಬ್ಯಾಗಿನಲ್ಲಿ ಎರಡು ಪೆನ್‌ಡ್ರೈವ್. ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಮೂರು ಶಾಖೆಗಳಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್ ಅಳಿಸಿ ಹೊಸದನ್ನು ಹಾಕಿ ಬರುವುದು ನನ್ನ ಮೂರು ದಿನದ ಕೆಲಸ.

ಹಾಕುವಾಗ ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆಲ್ಲ ಒಂದು ಕಡತದಲ್ಲಿ ಮೊದಲೇ ಉತ್ತರ ಬರೆದಿಟ್ಟಿದ್ದೆ. ಪೆನ್‌ಡ್ರೈವ್ ಚುಚ್ಚಿದರೆ ಉಳಿದದ್ದು ತಾನಾಗಿ ನಡೆಯುತ್ತದೆ. ಕಡತದ ಒಂದು ಭಾಗ ಎಲ್ಲ ಕಂಪ್ಯೂಟರ್‌ಗಳಿಗೂ ಅನ್ವಯಿಸುವಂಥದ್ದು; ಇನ್ನೊಂದರಲ್ಲಿ ಒಂದೊಂದಕ್ಕೇ ಬೇಕಾದ ಹೆಸರು, ಪ್ರಿಂಟರ್ ಇತ್ಯಾದಿ. ಯಾವುದು ಯಾವ ಕಂಪ್ಯೂಟರ್ ಎಂದು ತಿಳಿಯುವುದು ಒಳಗಿನ ಮದರ್‌ಬೋರ್ಡಿನ ಸಂಖ್ಯೆಯಿಂದ. ವಿದ್ಯಾರ್ಥಿಗಳು ಹಾಡು ಹಾಕುತ್ತಾರೆಂದು ಸಾಮಾನ್ಯ ಭಾಗದಲ್ಲಿ ಧ್ವನಿಯನ್ನೇ ನಿಲ್ಲಿಸಿದ್ದೆವು. ಅದಕ್ಕೆ ಒಂದೇ ವಿನಾಯಿತಿ, ಚಿಂತಾಮಣಿಯ ಒಂಬತ್ತನೆಯದು. ಅಲ್ಲಿ ಪಾಠ ಹೇಳುವ ಸುಜಾತಾಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೇ ಅವಳ ಕಣ್ಣು.

ಗೌರಿಬಿದನೂರಿನಲ್ಲಿ ಹನ್ನೆರಡು ಕಂಪ್ಯೂಟರ್‌ಗಳೂ ಸರಿಯಾದವು. ತಟ್ಟೆ ಇಡ್ಲಿ ತಿಂದು ಕತ್ತಲಾಗುವ ಮೊದಲೇ ಮನೆ ಸೇರಿದೆ.

ಮಂಗಳವಾರ ಶಿಡ್ಲಘಟ್ಟದಲ್ಲಿ ತುಂತುರು ಮಳೆ. ಬಸ್ ನಿಲ್ದಾಣದವರೆಗೂ ರೇಷ್ಮೆ ಗೂಡು ಬೇಯಿಸುವ ವಾಸನೆ. ಶಾಖೆಯಲ್ಲಿ ಕಸ ಗುಡಿಸುವ ಮುನಿಯಮ್ಮ ನನ್ನನ್ನೇ ನೋಡುತ್ತಿದ್ದವರು ಕೇಳಿದರು: “ಏನಮ್ಮಾ, ಬೆಳಿಗ್ಗೆಯಿಂದ ಸುಮ್ನೆ ಕೂತಿದ್ದೀಯ. ಇದಕ್ಕೂ ಸಂಬಳ ಕೊಡ್ತಾರಾ?”

“ಕೊಡ್ತಾರೆ ಕಣಮ್ಮ. ಏನೇನು ಮಾಡ್ಬೇಕು ಅಂತ ಮೊದ್ಲೇ ಬರೆದಿಟ್ಟಿದ್ದೀನಿ, ಅದೇ ಮಾಡ್ಕೊಳ್ಳುತ್ತೆ.”

“ನಮ್ ಪೊರಕೆಗೂ ಅಂಗೇ ಏನಾದ್ರೂ ಬರೆದಾಕವ್ವ!”

ಅಲ್ಲಿಯೂ ಎಲ್ಲವೂ ಸರಿಯಾದವು. ಮುನಿಯಮ್ಮನ ಮಾತಿಗೆ ನಕ್ಕದ್ದೇ ಈ ಪ್ರವಾಸದಲ್ಲಿ ನನ್ನ ಕೊನೆಯ ನಗು.

ಬುಧವಾರ ಚಿಂತಾಮಣಿಯ ಬಸ್ಸು ಕಿಕ್ಕಿರಿದಿತ್ತು. “ಮುಂದೆ ಹೋಗ್ರಮ್ಮಾ, ಜರಗಂಡಿ, ಜರಗಂಡಿ!” ಎಂದು ಕಂಡಕ್ಟರ್ ದಾರಿಯುದ್ದಕ್ಕೂ ಕೂಗಿದ. ಶಾಖೆಯ ಬಾಗಿಲಲ್ಲೇ ಸುಜಾತಾ ಕಾಯುತ್ತಿದ್ದಳು.

“ಅಕ್ಕಾ, ಎರಡು ಗಂಟೆಗೆ ಹೊಸ ಬ್ಯಾಚು. ಪೂರ್ತಿ ನಂದೇ! ಇದನ್ನ ಒಬ್ಬಳೇ ನಡೆಸಿದ್ರೆ ಕಾಯಂ ಮಾಡ್ತೀನಿ ಅಂದಿದ್ದಾರೆ ನಾಗರಾಜ ಸರ್. ಅಷ್ಟೊತ್ತಿಗೆ ನನ್ ಮೆಷಿನ್ನು ಮಾತಾಡುತ್ತೆ ತಾನೆ?”

“ಊಟಕ್ಕೆ ಮೊದಲೇ ಮಾತಾಡುತ್ತೆ,” ಎಂದೆ.

ಹನ್ನೆರಡೂವರೆಗೆ ಒಂಬತ್ತನೆಯದರ ಪರದೆ ಬೆಳಗಿತು. ಹೆಸರಿನ ಜಾಗದಲ್ಲಿ ಒಂಬತ್ತು ಇರಲಿಲ್ಲ, ಯಾವುದೋ ಸಾಮಾನ್ಯ ಹೆಸರು. ಸುಜಾತಾ ಹೆಡ್‌ಫೋನ್ ಹಾಕಿಕೊಂಡು, ಕೀಲಿಗಳ ಮೇಲೆ ಬೆರಳಿಟ್ಟು ಕಾದಳು.

“ಇನ್ನೂ ಆನ್ ಆಗಿಲ್ವಾ ಅಕ್ಕಾ?”

ಅದು ಆನ್ ಆಗಿ ಹತ್ತು ನಿಮಿಷವಾಗಿತ್ತು.

ಶಾಖೆ ನೋಡಿಕೊಳ್ಳುವ ನಾಗರಾಜ ಸರ್ ನನಗೆ ಒಂಬತ್ತನೆಯದರ ಬೋರ್ಡಿನ ಸಂಖ್ಯೆ ಕಳಿಸಿದ್ದು ಹೊರಗಿನ ಸ್ಟಿಕ್ಕರ್ ನೋಡಿ. “ಬೋರ್ಡ್ ಹೋಗಿತ್ತು, ಹೋದ ವರ್ಷ ಬದಲಾಯಿಸಿದ್ವಿ. ಡಬ್ಬ ಅದೇ ಅಲ್ವೇನಮ್ಮಾ?” ಎಂದರು. ಹೊಸ ಬೋರ್ಡಿನಲ್ಲಿ ಸಂಖ್ಯೆಯೇ ಇರಲಿಲ್ಲ. ತಯಾರಿಸಿದವರು ಆ ಜಾಗವನ್ನು ತುಂಬದೆ ಬಿಟ್ಟಿದ್ದರು. ಗುರುತು ಸಿಗದೆ ಕಡತ ಉಳಿದವುಗಳಂತೆ ಇದರ ಬಾಯಿಯನ್ನೂ ಕಟ್ಟಿತ್ತು.

ಒಂಬತ್ತರ ಭಾಗವನ್ನು ಕೈಯಾರೆ ಸೇರಿಸಿ ಮತ್ತೆ ಮೊದಲಿನಿಂದ ಹಾಕತೊಡಗಿದೆ. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕಿರುಗುಟ್ಟಿ ಸುಮ್ಮನಾಯಿತು.

ಎರಡು ಗಂಟೆಗೆ ಹೊಸ ಬ್ಯಾಚಿನ ಹುಡುಗಿಯರು ಬಂದರು. “ಇವತ್ತೊಂದಿನ ಕಿರಣ್ ತಗೊಳ್ಳಲಿ ಬಿಡಮ್ಮ,” ಎಂದರು ನಾಗರಾಜ ಸರ್. ಕಿರಣ್ ಇನ್ನೊಬ್ಬ ಶಿಕ್ಷಕ. ಕತ್ತಲ ಪರದೆಗಳ ನಡುವೆ ನಿಂತು ಬಾಯಲ್ಲೇ ಪಾಠ ಶುರುಮಾಡಿದ.

“ಸರ್, ಬಾಯಲ್ಲೇ ಹೇಳೋದಾದ್ರೆ ನಾನೂ ಹೇಳ್ತೀನಲ್ಲ?” ಎಂದಳು ಸುಜಾತಾ.

“ಮಧ್ಯದಲ್ಲಿ ಕರೆಂಟ್ ಬಂದ್ಬಿಟ್ರೆ? ನಿನ್ ಮೆಷಿನ್ನು ಇನ್ನೂ ಮಾತಾಡಲ್ವಲ್ಲ.”

ಕರೆಂಟ್ ಬಂದದ್ದು ಪಾಠ ಮುಗಿದ ಮೇಲೆ.

ನಾಲ್ಕೂವರೆಗೆ ಒಂಬತ್ತನೆಯದು ಮಾತಾಡಿತು. ಸುಜಾತಾ ಒಂದೆರಡು ಸಾಲು ಕೇಳಿ, “ಸರಿಯಾಗಿದೆ ಅಕ್ಕಾ,” ಎಂದು ಹೆಡ್‌ಫೋನ್ ತೆಗೆದಿಟ್ಟಳು.

ಹೊರಡುವಾಗ ನಾಗರಾಜ ಸರ್ ದನಿ ತಗ್ಗಿಸಿ ಹೇಳಿದರು: “ಆ ಬ್ಯಾಚು ಕಿರಣ್‌ಗೇ ಇರಲಿ. ಹುಡುಗೀರು ಅವನಿಗೆ ಹೊಂದ್ಕೊಂಡ್ರು. ಇನ್ಮೇಲೆ ಒಂಬತ್ತಕ್ಕೆ ಬೇರೆ ಸೆಟ್ಟಿಂಗ್ ಯಾಕಮ್ಮ? ಎಲ್ಲಾ ಒಂದೇ ಥರ ಇರಲಿ.”

“ಸರ್, ತಪ್ಪು ನನ್ನ ಕಡತದ್ದು. ಅವಳದ್ದಲ್ಲ.”

“ಯಾರ ತಪ್ಪೂ ಅಲ್ಲಮ್ಮ,” ಎಂದು ನಕ್ಕರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಸುಜಾತಾ ನಿಲ್ದಾಣದವರೆಗೂ ಬಂದಳು. ದಾರಿಯಲ್ಲಿ ನಾನು ಮತ್ತೆ ಮತ್ತೆ ಕ್ಷಮೆ ಕೇಳಿದೆ. “ಎಷ್ಟು ಸಲ ಕೇಳ್ತೀರಾ, ನಿಮ್ ಬಸ್ಸು ಹೊರಡುತ್ತೆ ನೋಡಿ,” ಎಂದಳು. ಚಿಕ್ಕಬಳ್ಳಾಪುರ ಎಂದು ಕಂಡಕ್ಟರ್ ಕೂಗುತ್ತಿದ್ದ.

ಕಿಟಕಿ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದೆ. ಒಂಬತ್ತರ ಭಾಗವನ್ನು ಅಳಿಸಲಿಲ್ಲ. ಬೋರ್ಡಿನ ಸಂಖ್ಯೆ ತೆಗೆದು ನೆಟ್‌ವರ್ಕ್ ಕಾರ್ಡಿನ ಸಂಖ್ಯೆ ಹಾಕಿದೆ. ಇನ್ನು ಆ ಕಂಪ್ಯೂಟರನ್ನು ಕಡತ ತಪ್ಪದೆ ಗುರುತಿಸುತ್ತದೆ. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ನಾನು ಇನ್ನೊಂದು ಕಿಟಕಿಯಲ್ಲಿದ್ದೇನೆ ಎಂದುಕೊಂಡು ಸುಜಾತಾ ಅತ್ತ ಕೈ ಬೀಸುತ್ತಿದ್ದಳು.