ಕೋಟಿನ ಜೇಬಿನ ಡಾಂಬರ್ ಗುಳಿಗೆ

ಎಪ್ಪತ್ತರ ದಶಕದ ಮಧ್ಯದಲ್ಲಿ ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದೆ. ಮದುವೆಗೆ ನನ್ನ ತಕರಾರಿರಲಿಲ್ಲ, ಕೆಲಸ ಬಿಡುವುದಕ್ಕೆ ಮಾತ್ರ ಇತ್ತು. ಅಮ್ಮನಿಗೆ ಇದು ಗೊತ್ತಿದ್ದುದರಿಂದಲೇ ಸೊರಬದಿಂದ ಗಂಡಿನ ಕಡೆಯವರು ನೋಡಲು ಬರುವ ದಿನ ಬೆಳಿಗ್ಗೆಯಿಂದ ಒಂದೇ ಮಂತ್ರ: "ಕೇಳಿದ್ರೆ ಹೆಸ್ರು ಹೇಳು. ಮತ್ತೆ ಬಾಯಿ ತೆಗೀಬ್ಯಾಡ."

ಗಂಡಿಗಿಂತ ಮೊದಲು ಗಂಡಿನ ಕೋಟಿನ ವಾಸನೆ ಒಳಗೆ ಬಂತು. ಮಳೆಗಾಲವೆಲ್ಲ ಟ್ರಂಕಿನಲ್ಲಿದ್ದ ಉಣ್ಣೆ ಕೋಟು. ನುಸಿ ಹಿಡಿಯದಿರಲೆಂದು ಜೇಬಿಗೆ ಹಾಕಿದ್ದ ಡಾಂಬರ್ ಗುಳಿಗೆಗಳನ್ನು ಹೊರಡುವ ಗಡಿಬಿಡಿಯಲ್ಲಿ ತೆಗೆಯಲು ಮರೆತಿದ್ದರು. ಅಪ್ಪ ಶಲ್ಯದಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮೂಗು ಮುಚ್ಚಿಕೊಂಡರು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡು ಉಪ್ಪಿಟ್ಟು ಕೊಟ್ಟೆ.

ಬೆವರೊರೆಸಲು ಗಂಡು ಕೋಟಿನ ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆ ಒಂದು ಬಿಳಿ ಗುಳಿಗೆ ಹಾರಿ, ಜಮಖಾನೆಯ ಮೇಲೆ ಉರುಳಿ ನಮ್ಮ ಅಜ್ಜಿಯ ಮುಂದೆ ನಿಂತಿತು. ಅಜ್ಜಿಗೆ ಕಣ್ಣು ಮಂಜು. ನಶ್ಯ ಏರಿಸಿ ಏರಿಸಿ ಮೂಗೂ ಸತ್ತಿತ್ತು. "ಪೆಪ್ಪರಮೆಂಟು ತಂದಾನೆ, ಒಳ್ಳೇ ಹುಡುಗ" ಎಂದು ಎತ್ತಿಕೊಂಡು ಬಾಯಿ ತೆರೆದಳು.

"ಅಜ್ಜೀ, ಬ್ಯಾಡ! ವಿಷ ಅದು!" ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಕೂಗಿ ಗುಳಿಗೆ ಕಿತ್ತುಕೊಂಡೆ.

ಎಲ್ಲರೂ ಅಜ್ಜಿಯ ಬಾಯಿ ನೋಡಿದರು. ಗಂಡು ಮಾತ್ರ ನನ್ನ ಅಂಗೈಯನ್ನೇ ನೋಡುತ್ತ ಕೇಳಿದರು: "ಇಡುವಾಗ ಗೋಲಿಯಷ್ಟಿತ್ತು. ಈಗ ಕಡ್ಲೆಕಾಳಿನಷ್ಟಾಗಿದೆಯಲ್ರೀ. ನೀರಾಗ್ಲಿಲ್ಲ, ಪುಡಿನೂ ಇಲ್ಲ. ಉಳಿದದ್ದು ಎಲ್ಲಿ ಹೋಯ್ತು?"

ವಿಜ್ಞಾನದ ಮೇಡಂಗೆ ಇಂಥ ಪ್ರಶ್ನೆ ಕೇಳಬಾರದು. "ನಮ್ಮ ಮೂಗಿಗೆ" ಎಂದೆ. ಅಡುಗೆಮನೆ ಬಾಗಿಲಲ್ಲಿ ಅಮ್ಮ ಕಣ್ಣು ಕೆಂಪಗೆ ಮಾಡಿದಳು. ನಾನು ಆ ಕಡೆ ನೋಡಲೇ ಇಲ್ಲ.

"ಇದರ ಅಣುಗಳ ನಡುವೆ ಸೆಳೆತ ಐತಿ, ಆದ್ರೆ ಭಾಳ ಸಡಿಲ. ಶಿರಾಳಕೊಪ್ಪದ ಸಂತೆ ದಿನ ಬಸ್ಸಿನಾಗೆ ಜನ ಒಬ್ಬರಿಗೊಬ್ಬರು ಆತು ನಿಂತಿರ್ತಾರಲ್ರೀ, ಹಂಗೆ. ನೆಂಟಸ್ತನ ಏನಿಲ್ಲ. ಬಾಗಿಲ ಹತ್ರ ಇದ್ದೋರು ಇಳ್ಕೊಂಡು ಹೋಗ್ತಾನೇ ಇರ್ತಾರೆ. ಉಪ್ಪಿನಾಗೆ ಹಿಡಿತ ಗಟ್ಟಿ. ಅದು ಡಬ್ಬಿ ಬಿಟ್ಟು ಹೋಗಲ್ಲ."

"ಅಷ್ಟು ಸಡಿಲ ಇದ್ರೆ ಮೊದಲು ಗುಂಡಗೆ ಹೆಂಗೆ ನಿಲ್ತದೆ ಮೇಡಂ?"

ಮೇಡಂ ಎಂದದ್ದು ಅವರಿಗೇ ತಿಳಿಯಲಿಲ್ಲ. "ಒಂದೊಂದರ ಸೆಳೆತ ಸಣ್ಣದು, ಮಂದಿ ಭಾಳ" ಎಂದೆ. ಅವರು ತಲೆದೂಗಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನನ್ನು ನೋಡಲು ಬಂದಿದ್ದಾರೆ ಎನ್ನುವುದೇ ಮರೆತುಹೋಯಿತು.

ಅವರ ಜೊತೆ ಬಂದಿದ್ದ ಸೋದರಮಾವನಿಗೆ ಮರೆತಿರಲಿಲ್ಲ. "ಹುಡುಗಿಗೆ ಬಾಯಿ ಜೋರಿದೆ. ಮದುವೆ ಆದ್ಮೇಲೆ ಈ ಕೆಲಸ ಬಿಡಿಸ್ತೀರಲ್ವ?" ಎಂದು ಅಪ್ಪನನ್ನು ಕೇಳಿದರು. ಅಪ್ಪನ ತಲೆ ಆಗಲೇ ಹೌದೆಂದು ಅರ್ಧ ಅಲ್ಲಾಡಿತ್ತು.

"ಬಿಡೋದು ಯಾಕೆ ಮಾವ?" ಎಂದರು ಗಂಡು. "ಸೊರಬದಲ್ಲೂ ಹೈಸ್ಕೂಲಿದೆ. ಇಷ್ಟು ವರ್ಷ ಈ ವಾಸನೆ ಕುಡಿದ್ವಿ, ಏನು ಎತ್ತ ಅಂತ ಒಬ್ರಾದ್ರೂ ಹೇಳಿದ್ರಾ?"

ಹೆಣ್ಣಿನ ಒಪ್ಪಿಗೆ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಗಂಡಿನ ಕಡೆಯವರು ಊರಿಗೆ ಹೋಗಿ ಕಾಗದ ಬರೆಯುವ ತನಕ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಸೋದರಮಾವ ಬಾಯಿ ತೆರೆಯುವಷ್ಟರಲ್ಲಿ ಹೇಳಿಬಿಟ್ಟೆ:

"ನಂಗೆ ಹುಡುಗ ಒಪ್ಪಿಗೆ ಐತ್ರೀ."