ಯಾಡಿಯ ಓಡಣಿ, ಹೊಸ ಮಷೀನು

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಯಾಡಿ ತಲೆಗೆ ಹೊದ್ದ ಓಡಣಿ ಕಸೂತಿ ಮಷೀನಿಗೆ ಸಿಕ್ಕಿಕೊಂಡಿತು. ಯಾಡಿ ಎಂದರೆ ನಮ್ಮ ಲಂಬಾಣಿ ಮಾತಿನಲ್ಲಿ ಅವ್ವ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ನಾನಾಗ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದುದರಿಂದ.

ಇಪ್ಪತ್ತು ವರ್ಷ ಶಾಲೆಯಲ್ಲಿ ಸಮಾಜ ಪಾಠ ಮಾಡಿ, ನಲವತ್ತಾರನೇ ವಯಸ್ಸಿಗೆ ಆ ಕೆಲಸ ಬಿಟ್ಟು ಕಂಪ್ಯೂಟರ್ ಕಸೂತಿ ಕಲಿತಿದ್ದೆ. ತಾಂಡಾದ ಹೊಲಿಗೆಗಳನ್ನು ಯಾಡಿ ಬಟ್ಟೆಯ ಮೇಲೆ ಹಾಕಿ ತೋರಿಸುವಳು. ನಾನು ಅವನ್ನು ಚುಕ್ಕಿ ಚುಕ್ಕಿಯಾಗಿ ಪರದೆಗೆ ಇಳಿಸುವೆ. ಉಪ್ಪಲ್‌ನ ನಮ್ಮ ಮನೆಯ ಕೆಳಗಿನ ಕೋಣೆಗೆ ಮಷೀನು ಬಂದ ದಿನ, ಪೂಜೆಗೆಂದು ಅವಳು ಟ್ರಂಕಿನಿಂದ ತನ್ನ ಮದುವೆಯ ಉಡುಪು ತೆಗೆದಳು. ಕನ್ನಡಿ, ಕವಡೆ, ಕೂದಲಿಗೆ ಬಿಗಿದ ಓಡಣಿ. ಓಡುತ್ತಿರುವ ಮಷೀನಿಗೇ ಕುಂಕುಮ ಹಚ್ಚಬೇಕೆಂದು ಹಟ.

“ಮಲಗಿದ ಎತ್ತಿಗೆ ಯಾರ ಪೂಜಿ ಮಾಡ್ತಾರ?”

ಬಗ್ಗಿದಳು. ಓಡಣಿಯ ಗೊಂಡೆ ಸೂಜಿಯ ಕೆಳಗೆ ಹೋಯಿತು, ಬಟ್ಟೆ ಹಿಡಿದು ಸರಿಯುವ ಮಷೀನಿನ ಚೌಕಟ್ಟು ಎಳೆಯಿತು, ತಲೆಯೂ ಹಿಂದೆಯೇ ಹೊರಟಿತು. ನಾನು ವಿಡಿಯೊ ಮಾಡುತ್ತಲೇ ಇದ್ದೆ. ಮಷೀನು ನಿಲ್ಲಿಸುವ ಕೆಂಪು ಗುಂಡಿ ಒತ್ತಿದವರು ಮಷೀನು ಜೋಡಿಸಲು ಬಂದಿದ್ದ ರಾಯಚೂರಿನ ಮೆಕ್ಯಾನಿಕ್. ಸೂಜಿಗೂ ಯಾಡಿಯ ಹಣೆಗೂ ನಡುವೆ ಉಳಿದದ್ದು ನಾಲ್ಕು ಬೆರಳು.

“ಅವ್ವಾರ, ನಿಮ್ಮನ್ನೂ ಹೊಲಿಸ್ಕೋತೀರೇನು?” ಎಂದರು.

“ಓಡಣಿ ಅದಕ್ಕ ಭಾಳ ಹಿಡಿಸೇತಿ. ಬಿಡವಲ್ದು,” ಎಂದಳು ಯಾಡಿ.

ಇಬ್ಬರೂ ನಕ್ಕರು. ನನಗಾಗಲಿಲ್ಲ. ಹನ್ನೆರಡು ಸೆಕೆಂಡಿನ ವಿಡಿಯೊ. ಎಷ್ಟು ಸಲ ನೋಡಿದೆನೋ. ಅದರಲ್ಲಿ ಒಂದು ಸಲವೂ ನಾನು ಫೋನು ಬಿಟ್ಟು ಅವಳತ್ತ ಓಡಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಮಷೀನಿನ ಟಕಟಕ ಸದ್ದು, ಎದ್ದು ಕೂರುತ್ತಿದ್ದೆ. ಕೊನೆಗೆ ಮಷೀನಿಗೆ ಚಾದರ ಹೊದಿಸಿ, ವಾಪಸು ಒಯ್ಯಿರೆಂದು ಮೆಕ್ಯಾನಿಕ್‌ಗೆ ಹೇಳಿದೆ. ಸೋಮವಾರ ಬರುತ್ತೇನೆಂದರು.

ಯಾಡಿ ಜಗಳಕ್ಕೆ ಲಂಬಾಣಿ, ತೀರ್ಮಾನಕ್ಕೆ ಕನ್ನಡ ಬಳಸುವವಳು. ಈ ಸಲ ಜಗಳವೇ ಇರಲಿಲ್ಲ. ಭಾನುವಾರ ಅದೇ ಓಡಣಿ ಹಿಡಿದು ಕುಳಿತಳು. ಅದರ ಅಂಚಿನಲ್ಲಿ ಮಷೀನು ಒಂದು ಗೇಣು ಹೊಲಿಗೆ ಹಾಕಿಬಿಟ್ಟಿತ್ತು, ಸೊಟ್ಟಗೆ. ಬಿಚ್ಚುತ್ತಾಳೆ ಅಂದುಕೊಂಡೆ. ಅವಳು ಆ ಗೆರೆಯ ನಡುನಡುವೆ ಕನ್ನಡಿ ಕೂರಿಸತೊಡಗಿದಳು.

“ನನ್ನ ಕಣ್ಣಿಗೆ ಈಗ ಎಳಿ ಎಣಸೂದು ಆಗಂಗಿಲ್ಲ. ಗೆರಿ ಅದು ಹಾಕ್ಲಿ, ಕನ್ನಡಿ ನಾ ಕೂರಸ್ತೀನಿ.”

“ಮತ್ತ ಸಿಕ್ಕರ?”

“ಬಾವಿಗೆ ಬಗ್ಗೂವಾಗ ಓಡಣಿ ನಡಕ್ಕ ಕಟ್ಟತಿದ್ವಿ. ಪೂಜಿ ಅಂತ ಮರತೆ. ತಪ್ಪು ನಂದು, ಎತ್ತಿಂದಲ್ಲ.”

ಅಂದು ವಿಡಿಯೊ ಅಳಿಸಲಿಲ್ಲ, ನೋಡಲೂ ಇಲ್ಲ.

ಸೋಮವಾರ ಎಚ್ಚರವಾದಾಗ ಗಂಟೆ ಹತ್ತಾಗಿ, ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಕೆಳಗೆ ಟಕಟಕ. ಓಡಿಹೋದೆ. ಯಾಡಿ ಓಡಣಿಯನ್ನು ನಡುವಿಗೆ ಬಿಗಿದು, ಕೆಂಪು ಗುಂಡಿಯ ಪಕ್ಕದಲ್ಲೇ ಸ್ಟೂಲು ಹಾಕಿ ಕೂತಿದ್ದಳು. ಮಷೀನು ಒಯ್ಯಲು ಬಂದ ಮೆಕ್ಯಾನಿಕ್ ಚಹಾ ಕುಡಿಯುತ್ತಿದ್ದರು.

“ಎಂಟರಿಂದ ಓಡಾಕತ್ತೇತ್ರಿ ಅಕ್ಕಾರ,” ಎಂದರು. “ನಿಮಗ ಎಚ್ಚರನ ಇಲ್ಲ.”